ಎದೆಗುಂದಿದ ಸೇವಕರ ಪ್ರಶ್ನೆ: ಒಂದು ಸಂವಾದ

ಸೇವೆಗೆಂದು ಬದುಕನ್ನು ಮುಡಿಪಿಟ್ಟ ಕ್ರೈಸ್ತರು ನಡುದಾರಿಯಲ್ಲಿ ಎದೆಗುಂದಿದಾಗ ಅವರಿಗೆ ಏನು ಹೇಳಬೇಕು ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಬಹುಕಾಲದಿಂದ ಅಕ್ಕಪಕ್ಕದಲ್ಲೇ ನಡೆದುಬಂದಿವೆ. ಕರೆ ದೇವರದಾದ್ದರಿಂದ ಬಲವೂ ಅವನಿಂದಲೇ ಬರುತ್ತದೆ, ಸೇವಕನ ಪಾಲಿಗೆ ಉಳಿದದ್ದು ಪ್ರಾರ್ಥನೆ ಮತ್ತು ತಾಳ್ಮೆ ಎಂಬುದು ಒಂದು ಉತ್ತರ; ದೇಹದ ದಣಿವು, ಮನಸ್ಸಿನ ಕಾಯಿಲೆ, ಸಂಸ್ಥೆಯ ನಿರ್ಲಕ್ಷ್ಯ ಇವುಗಳ ಕಡೆ ಕಣ್ಣು ಹಾಯಿಸದೆ ತಾಳ್ಮೆಯನ್ನು ಬೋಧಿಸುವುದು ಸೇವಕನಿಗೆ ಮಾಡುವ ಅನ್ಯಾಯ ಎಂಬುದು ಇನ್ನೊಂದು. ಈ ಸಂವಾದದಲ್ಲಿ ಮೊದಲ ಉತ್ತರವನ್ನು ಎತ್ತಿಹಿಡಿಯುವವರು ಧಾರವಾಡ ಸೀಮೆಯ ಸಭೆಗಳಲ್ಲಿ ದೀರ್ಘಕಾಲ ದುಡಿದು ನಿವೃತ್ತರಾದ ಸಭಾಪಾಲಕರು. ಎರಡನೆಯದನ್ನು ಮುಂದಿಡುವವರು ದೇವಜ್ಞಾನದ ವ್ಯಾಸಂಗವನ್ನು, ಎಂದರೆ ಬೈಬಲನ್ನೂ ಕ್ರೈಸ್ತ ಸಿದ್ಧಾಂತವನ್ನೂ ಕ್ರಮವಾಗಿ ಕಲಿಸುವ ಶಿಕ್ಷಣವನ್ನು, ಮುಗಿಸಿ ಕೆಲವು ಹಳ್ಳಿಗಳ ಸಭೆಗಳನ್ನು ನೋಡಿಕೊಳ್ಳುತ್ತಿರುವ ಯುವತಿ. ಇಬ್ಬರೂ ಒಂದೇ ಗ್ರಂಥವನ್ನು ಪ್ರಮಾಣವೆಂದು ಒಪ್ಪಿದವರಾದ್ದರಿಂದ, ಆ ಗ್ರಂಥವನ್ನೂ ಸಭೆಯ ಚರಿತ್ರೆಯನ್ನೂ ಹೇಗೆ ಓದಬೇಕು ಎಂಬುದರ ಸುತ್ತಲೇ ಅವರ ವಾದ ತಿರುಗುತ್ತದೆ.

ಕಿರಿಯರು: ಅಯ್ಯನವರೇ, ಒಳಿತು ಮಾಡುವವರು ಬೇಸರಪಡದೆ ಮುಂದುವರಿದರೆ ಸಕಾಲದಲ್ಲಿ ಫಲ ಕಾಣುತ್ತಾರೆಂಬ ಅರ್ಥದ ಮಾತನ್ನು ಪೌಲನು ಗಲಾತ್ಯದ ಸಭೆಗಳಿಗೆ ಬರೆದಿದ್ದಾನೆ, ಸೇವಕರ ಕೂಟಗಳಲ್ಲಿ ಅದನ್ನು ಮತ್ತೆ ಮತ್ತೆ ಓದುತ್ತಾರೆ. ಭಾನುವಾರ ಊರಿಂದೂರಿಗೆ ಹೋಗಿ ಆರಾಧನೆ ನಡೆಸಿ, ವಾರವಿಡೀ ಕುಟುಂಬ ಪ್ರಾರ್ಥನೆ, ಆಸ್ಪತ್ರೆ, ಸಮಾಧಿ ಎಂದು ಓಡಾಡಿ, ಕೊನೆಗೆ ಕಾಣಿಕೆಯ ಲೆಕ್ಕ ಕಡಿಮೆಯಾಯಿತೆಂದು ಸಭಾಹಿರಿಯರಿಂದ ಮಾತು ಕೇಳಿಸಿಕೊಂಡ ಸೇವಕನ ಕಿವಿಗೆ ಆ ವಚನ ಭರವಸೆಯಾಗಿ ಬೀಳುವುದಿಲ್ಲ, ಮತ್ತೊಂದು ಆಜ್ಞೆಯಾಗಿ ಬೀಳುತ್ತದೆ. ಬೇಸರವಾಗಿದೆ ಎಂದು ಬಾಯಿಬಿಟ್ಟು ಹೇಳುವುದೇ ಅವಿಶ್ವಾಸದ ಗುರುತಾಗಿಬಿಟ್ಟರೆ ಅಂಥವನು ಯಾರ ಬಳಿ ಹೋಗಬೇಕು?

ಹಿರಿಯರು: ಎದೆಗುಂದುವುದೇ ಪಾಪ ಎಂದು ಗ್ರಂಥ ಹೇಳುವುದಿಲ್ಲ, ಮಗಳೇ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಸಾವನ್ನೇ ಬೇಡುತ್ತಾನೆ. ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ಅನ್ಯದೇವತೆಯ ಪ್ರವಾದಿಗಳನ್ನು ಒಬ್ಬನೇ ಎದುರಿಸಿ ಗೆದ್ದವನು ಈಜೆಬೆಲ್ ರಾಣಿಯ ಒಂದು ಬೆದರಿಕೆಗೆ ನಡುಗಿ ಬೇರ್ಷೆಬಕ್ಕೆ ಓಡಿ, ತನ್ನ ಆಳನ್ನು ಅಲ್ಲಿಯೇ ಬಿಟ್ಟು, ಒಂದು ದಿನದ ದಾರಿಯಷ್ಟು ಅಡವಿಯೊಳಕ್ಕೆ ನಡೆದು ಗಿಡದ ಬುಡದಲ್ಲಿ ಬಿದ್ದುಕೊಳ್ಳುತ್ತಾನೆ. ಅವನನ್ನು ದೇವರು ತಳ್ಳಿಹಾಕಲಿಲ್ಲ. ಹೋರೇಬ್ ಬೆಟ್ಟದವರೆಗೆ ನಡೆಸಿ, ಅಲ್ಲಿ ಮಾತಾಡಿ, ಹೊಸ ಕೆಲಸ ಕೊಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸಿದನು. ಎದೆಗುಂದಿದವನಿಗೆ ಸಭೆ ಕೊಡಬೇಕಾದ ಉತ್ತರವೂ ಇದೇ: ಕರೆ ರದ್ದಾಗಿಲ್ಲ, ಎದ್ದು ಹೋಗು.

ಕಿರಿಯರು: ಎದ್ದು ಹೋಗು ಎನ್ನುವ ಮೊದಲು ಏನಾಯಿತೆಂಬುದನ್ನು ತಾವು ಬಿಟ್ಟು ಹೇಳಿದಿರಿ. ದೂತನು ಬಂದು ಅವನನ್ನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಮುಂದಿಡುತ್ತಾನೆ. ಎಲೀಯನು ತಿಂದು ಮತ್ತೆ ಮಲಗುತ್ತಾನೆ. ಮಲಗಿದ್ದಕ್ಕೆ ಆಕ್ಷೇಪವೇನೂ ಬರುವುದಿಲ್ಲ, ಎರಡನೆಯ ಸಲವೂ ಊಟವೇ ಬರುತ್ತದೆ. ಪ್ರಶ್ನೆ, ಉಪದೇಶ, ಕೆಲಸ ಇವೆಲ್ಲ ಬರುವುದು ನಲವತ್ತು ದಿನಗಳ ಪ್ರಯಾಣದ ಆಚೆಗೆ. ಸಭೆಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ. ದಣಿದವನಿಗೆ ಮೊದಲು ಪ್ರಸಂಗ ಸಿಗುತ್ತದೆ, ಊಟ ನಿದ್ದೆಗಳ ವಿಚಾರವನ್ನು ಯಾರೂ ಎತ್ತುವುದಿಲ್ಲ.

ಹಿರಿಯರು: ಒಪ್ಪಬೇಕಾದ ಮಾತೇ. ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸುವೂ ಊಟಕ್ಕೆ ಬಿಡುವಿಲ್ಲದಷ್ಟು ಜನಜಂಗುಳಿಯಲ್ಲಿ ಸಿಲುಕಿದ ಶಿಷ್ಯರನ್ನು ನಿರ್ಜನ ಸ್ಥಳಕ್ಕೆ ಬಂದು ದಣಿವಾರಿಸಿಕೊಳ್ಳಲು ಕರೆಯುತ್ತಾನೆ. ಆದರೆ ಆ ವೃತ್ತಾಂತದ ಮುಂದಿನ ಭಾಗವನ್ನೂ ಓದಬೇಕು: ದೋಣಿ ದಡ ಸೇರುವಷ್ಟರಲ್ಲಿ ಜನರು ಓಡಿಬಂದು ಅಲ್ಲಿಯೂ ನೆರೆದಿದ್ದರು, ಅವನು ಅವರ ಮೇಲೆ ಕನಿಕರಪಟ್ಟು ಮತ್ತೆ ಬೋಧಿಸತೊಡಗಿದನು. ವಿಶ್ರಾಂತಿ ಬೇಕೆಂಬುದು ನಿಜ, ಅಗತ್ಯ ಎದುರಿಗೆ ನಿಂತಾಗ ವಿಶ್ರಾಂತಿ ಮುರಿಯುತ್ತದೆಂಬುದೂ ನಿಜ. ಸೇವೆಯನ್ನು ಗಂಟೆ ನೋಡಿ ಮಾಡುವ ಉದ್ಯೋಗದಂತೆ ಕಂಡರೆ ಅದರ ತಿರುಳೇ ಹೋಗುತ್ತದೆ.

ಕಿರಿಯರು: ಒಂದು ಸಲ ಮುರಿದರೆ ಅದು ಕನಿಕರ, ವರ್ಷಾನುಗಟ್ಟಲೆ ಮುರಿಯುತ್ತಲೇ ಹೋದರೆ ಅದು ವ್ಯವಸ್ಥೆಯ ದೋಷ. ಮೋಶೆಯ ಕಥೆಯಲ್ಲಿ ಇದು ಎರಡು ಕಡೆ ಬರುತ್ತದೆ. ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಅಳಿಯನನ್ನು ಕಂಡು ಮಾವನಾದ ಇತ್ರೋವನು, ಹೀಗೆ ನಡೆದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಎಚ್ಚರಿಸಿ, ಸಾವಿರ ಮಂದಿಗೆ, ನೂರು ಮಂದಿಗೆ, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರಂತೆ ಅಧಿಪತಿಗಳನ್ನು ನೇಮಿಸಲು ಹೇಳುತ್ತಾನೆ. ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಅದೇ ಮೋಶೆ ಈ ಜನರ ಹೊರೆ ತನ್ನಿಂದಾಗದೆಂದು, ಹೀಗೆ ನಡೆಸಿಕೊಳ್ಳುವುದಾದರೆ ತನ್ನನ್ನು ಕೊಂದುಬಿಡೆಂದು ದೇವರನ್ನೇ ಕೇಳುತ್ತಾನೆ. ಅವನಿಗೆ ಸಿಕ್ಕಿದ್ದು ಹೊರೆಯನ್ನು ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು. ಎದೆಗುಂದುವಿಕೆಗೆ ದೇವರು ಕೊಟ್ಟ ಪರಿಹಾರವೇ ಕೆಲಸದ ಹಂಚಿಕೆಯಾಗಿರುವಾಗ ಸಭಾಪ್ರಾಂತಗಳ ಕಚೇರಿಗಳು ಅದನ್ನೇಕೆ ಆತ್ಮಿಕ ವಿಷಯವೆಂದು ಎಣಿಸುವುದಿಲ್ಲ?

ಹಿರಿಯರು: ಎಣಿಸಬೇಕು. ಆದರೂ ಎಪ್ಪತ್ತು ಮಂದಿ ಬಂದಮೇಲೆ ಮೋಶೆಯ ದುಃಖ ಮುಗಿಯಲಿಲ್ಲ ಎಂಬುದನ್ನು ಮರೆಯಲಾಗದು. ಮುಂದಿನ ಅಧ್ಯಾಯದಲ್ಲೇ ಒಡಹುಟ್ಟಿದ ಮಿರ್ಯಾಮಳೂ ಆರೋನನೂ ಅವನ ವಿರುದ್ಧ ಮಾತಾಡುತ್ತಾರೆ. 20ನೆಯ ಅಧ್ಯಾಯದಲ್ಲಿ ಅವನು ತಾಳ್ಮೆಗೆಟ್ಟು ಬಂಡೆಯನ್ನು ಹೊಡೆಯುತ್ತಾನೆ. ಕೊನೆಗೆ ಕಾನಾನ್ ದೇಶವನ್ನು ದೂರದಿಂದ ನೋಡಿ ಸಾಯುತ್ತಾನೆ. ಕೆಲಸ ಹಂಚಿದರೆ ದಣಿವು ಕಡಿಮೆಯಾಗುತ್ತದೆ, ನಿಜ. ತನ್ನವರ ಮಾತಿನ ಇರಿತ, ಕಾಣದೆ ಹೋದ ಫಲ, ಮೌನವಾಗಿರುವ ದೇವರು ಇವು ಹಂಚಿಕೆಗೆ ಸಿಕ್ಕುವ ಹೊರೆಗಳಲ್ಲ. ವ್ಯವಸ್ಥೆ ಎಷ್ಟೇ ಸರಿಯಾದರೂ ಈ ಬಗೆಯ ಎದೆಗುಂದುವಿಕೆ ಉಳಿದೇ ಇರುತ್ತದೆ, ಅದಕ್ಕೆ ಒಳಗಿನ ಬಲವೇ ಬೇಕು.

ಮಾತು ಇಲ್ಲಿಗೆ ಬಂದಾಗ, ಎದೆಗುಂದುವಿಕೆ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಸ್ಥಿತಿಗಳು ಸೇರಿಕೊಂಡಿವೆಯೆಂಬುದು ಇಬ್ಬರಿಗೂ ಸ್ಪಷ್ಟವಾಗುತ್ತದೆ; ಅವನ್ನು ಬಿಡಿಸಿ ನೋಡುವ ಹೊಣೆ ಯಾರದೆಂಬುದರಲ್ಲಿ ಭಿನ್ನಾಭಿಪ್ರಾಯ ಮೊದಲಾಗುತ್ತದೆ.

ಕಿರಿಯರು: ಒಳಗಿನ ಬಲ ಎನ್ನುವ ಮೊದಲು ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸಬೇಕು. ಲಂಡನ್ನಿನ ಪ್ರಸಿದ್ಧ ಬೋಧಕ ಚಾರ್ಲ್ಸ್ ಸ್ಪರ್ಜನ್ 1856ರ ಅಕ್ಟೋಬರಿನಲ್ಲಿ ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ ಬೋಧಿಸುತ್ತಿದ್ದಾಗ ಯಾರೋ ಬೆಂಕಿಯೆಂದು ಸುಳ್ಳು ಕೂಗೆಬ್ಬಿಸಿದ್ದರಿಂದ ನೂಕುನುಗ್ಗಲಾಗಿ ಏಳು ಮಂದಿ ಸತ್ತರು. ಆಗ ಅವರಿಗೆ 22 ವರ್ಷ. ಆ ಆಘಾತದ ನೆರಳೂ ಖಿನ್ನತೆಯೂ ಅವರನ್ನು ಬದುಕಿನುದ್ದಕ್ಕೂ ಕಾಡಿದವು. ಅವರು ಅದನ್ನು ಮುಚ್ಚಿಡದೆ, ಬೋಧಕರಾಗಲು ಕಲಿಯುತ್ತಿದ್ದ ವಿದ್ಯಾರ್ಥಿಗಳಿಗೆ ಸೇವಕರ ಕುಗ್ಗುವಿಕೆಯ ಕುರಿತೇ ಒಂದು ಉಪನ್ಯಾಸ ಕೊಟ್ಟು, ದೇಹದ ದೌರ್ಬಲ್ಯ, ಒಂಟಿತನ, ಸದಾ ಕುಳಿತು ಓದುವ ಅಭ್ಯಾಸ ಇವನ್ನೂ ಕಾರಣಗಳ ಪಟ್ಟಿಗೆ ಸೇರಿಸಿದರು. ಅಂಥವರೇ ಹಾಗೆ ಹೇಳಿರುವಾಗ, ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದ ಸೇವಕನನ್ನು ಉಪವಾಸ ಪ್ರಾರ್ಥನೆಗೆ ಕಳುಹಿಸುವುದು ತಪ್ಪು. ಅವನನ್ನು ವೈದ್ಯರ ಬಳಿಗೆ ಕಳುಹಿಸಬೇಕು. ಮಾನಸಿಕ ಸಂಕಟದಲ್ಲಿರುವವರಿಗಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416 ಹಗಲಿರುಳೂ ತೆರೆದಿರುತ್ತದೆ. ಅದಕ್ಕೆ ಮಾರ್ಗದರ್ಶಿ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಆರಾಧನೆಯ ಪ್ರಕಟಣೆಗಳ ಜೊತೆಗೆ ಈ ಸಂಖ್ಯೆಯನ್ನೂ ಓದಿ ಹೇಳಿದರೆ ವಿಶ್ವಾಸಕ್ಕೆ ಯಾವ ಕುಂದೂ ಬರುವುದಿಲ್ಲ.

ಹಿರಿಯರು: ಕಾಯಿಲೆಗೆ ವೈದ್ಯರು ಬೇಕೆಂಬುದರಲ್ಲಿ ವಾದವಿಲ್ಲ, ಸುವಾರ್ತೆಯನ್ನು ಬರೆದ ಲೂಕನನ್ನೇ ಪೌಲನು ಪ್ರಿಯ ವೈದ್ಯನೆಂದು ಕರೆದಿದ್ದಾನೆ. ಆದರೆ ಎಲ್ಲ ಬೇಸರವೂ ಕಾಯಿಲೆಯಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬದುಕಿದ ಸಂನ್ಯಾಸಿ ಇವಾಗ್ರಿಯಸ್ ಸಾಧಕನನ್ನು ಕಾಡುವ ಎಂಟು ಕೆಟ್ಟ ಯೋಚನೆಗಳನ್ನು ಎಣಿಸುವಾಗ ಅಸೀಡಿಯಾ ಎಂಬುದನ್ನು ಅತ್ಯಂತ ಭಾರವಾದದ್ದೆಂದು ವಿವರಿಸುತ್ತಾನೆ. ಅದು ಸೋಮಾರಿತನಕ್ಕಿಂತ ಆಳವಾದದ್ದು, ಹಿಡಿದ ಕೆಲಸದ ಮೇಲೂ ಇದ್ದ ಜಾಗದ ಮೇಲೂ ಹುಟ್ಟುವ ಜಿಗುಪ್ಸೆ. ನಡುಹಗಲಿನಲ್ಲಿ ಅದು ಬಂದು ಕವಿಯುತ್ತದೆ. ಹೊತ್ತು ಸರಿಯುವುದೇ ಇಲ್ಲವೆನಿಸುತ್ತದೆ. ಕುಟೀರದಿಂದ ಹೊರಬಂದು ಸೂರ್ಯ ಎಲ್ಲಿದ್ದಾನೆಂದು ನೋಡಬೇಕೆನಿಸುತ್ತದೆ. ಸಹೋದರರಲ್ಲಿ ಪ್ರೀತಿ ಬತ್ತಿಹೋಗಿದೆ, ಬೇರೆ ಕಡೆ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಸೇವಿಸಬಹುದು ಎಂಬ ಯೋಚನೆ ಹುಟ್ಟುತ್ತದೆ. ಅವನು ಹೇಳಿದ ಮುಖ್ಯ ಮದ್ದು: ಇದ್ದಲ್ಲಿಯೇ ಇರುವುದು, ಕೈಗೆ ಬಂದ ಕೆಲಸವನ್ನು ಮಾಡುವುದು. ವರ್ಗಾವಣೆ ಸಿಕ್ಕಿದರೆ ಎಲ್ಲ ಸರಿಹೋದೀತೆಂದು ಊರಿಂದೂರಿಗೆ ಹೋದವರು ಆ ಬೇಸರವನ್ನೂ ಜೊತೆಗೇ ಹೊತ್ತುಕೊಂಡು ಹೋಗಿರುವುದನ್ನು ಸಭೆಗಳು ಕಂಡಿಲ್ಲವೇ?

ಕಿರಿಯರು: ಕಂಡಿವೆ. ಆದರೆ ಇದ್ದಲ್ಲಿಯೇ ಇರು ಎಂಬ ಮಾತು ಸಾಧಕನು ತನಗೆ ತಾನೇ ಹೇಳಿಕೊಂಡಾಗ ತಪಸ್ಸಾಗುತ್ತದೆ, ಮೇಲಿನವರು ಅವನಿಗೆ ಹೇಳಿದಾಗ ಬಂಧನವೂ ಆಗಬಹುದು. ಆತ್ಮದ ಕತ್ತಲ ರಾತ್ರಿಯ ಕುರಿತು ಬರೆದ ಸ್ಪೇನ್ ದೇಶದ ಸಂತ, ಶಿಲುಬೆಯ ಯೋಹಾನರನ್ನೇ ನೋಡಬೇಕು. ದೇವರು ಸಾಧಕನಿಂದ ಎಲ್ಲ ಸವಿಯನ್ನೂ ಹಿಂದೆಗೆದುಕೊಂಡು ಬರಿಯ ನಂಬಿಕೆಯಲ್ಲಿ ನಡೆಸುವ ಸ್ಥಿತಿಯನ್ನು ಅವರು ಕತ್ತಲ ರಾತ್ರಿಯೆಂದು ಕರೆದರು. ಕಾರ್ಮೆಲ್ ಸಂಘದ ಸುಧಾರಣೆಗೆ ಕೈಹಾಕಿದ್ದಕ್ಕಾಗಿ ಅವರ ಸಂಘದವರೇ 1577ರ ಡಿಸೆಂಬರಿನಲ್ಲಿ ಅವರನ್ನು ಹಿಡಿದು ಟೊಲೆಡೊ ನಗರದ ಮಠದಲ್ಲಿ ಇಕ್ಕಟ್ಟಾದ ಕೋಣೆಯೊಂದರಲ್ಲಿ ಕೂಡಿಹಾಕಿದರು. ಆ ಕತ್ತಲಲ್ಲಿ ಅವರು ಕವಿತೆ ಕಟ್ಟಿದರು, ನಿಜ. 1578ರ ಆಗಸ್ಟಿನಲ್ಲಿ ಹೊದಿಕೆಗಳನ್ನು ಸೀಳಿ ಹಗ್ಗಮಾಡಿ ಅಲ್ಲಿಂದ ತಪ್ಪಿಸಿಕೊಂಡರು ಎಂಬುದೂ ಅಷ್ಟೇ ನಿಜ. ದೇವರು ಕೊಟ್ಟ ಕತ್ತಲನ್ನು ಸಹಿಸಿದವರು ಮನುಷ್ಯರು ಹಾಕಿದ ಬೀಗವನ್ನು ದೇವರ ಚಿತ್ತವೆಂದುಕೊಳ್ಳಲಿಲ್ಲ. ಇವೆರಡನ್ನೂ ಒಂದೇ ಎಂದು ಬೋಧಿಸಿದಾಗಲೇ ಸೇವಕರು ಮುರಿದುಬೀಳುವುದು.

ಹಿರಿಯರು: ಆ ಸಂತರೇ ಇನ್ನೊಂದು ವಿವೇಚನೆಯನ್ನೂ ಕಲಿಸಿದ್ದಾರೆ. ಪ್ರಾರ್ಥನೆಯಲ್ಲಿ ಸವಿಯಿಲ್ಲದಿರುವುದಕ್ಕೆ ಅಸಡ್ಡೆಯೋ ದೇಹಪ್ರಕೃತಿಯ ವಿಷಣ್ಣತೆಯೋ ಕಾರಣವಾಗಿರಬಹುದೆಂದು ಒಪ್ಪಿ, ನಿಜವಾದ ಕತ್ತಲ ರಾತ್ರಿಯನ್ನು ಅವುಗಳಿಂದ ಬೇರ್ಪಡಿಸಲು ಗುರುತುಗಳನ್ನು ಹೇಳಿದ್ದಾರೆ. ಆ ಗುರುತುಗಳನ್ನು ಒಬ್ಬನೇ ಕುಳಿತು ಓದಿಕೊಳ್ಳುವುದು ಕಷ್ಟ. ಹತ್ತಿರದಿಂದ ಬಲ್ಲ ಮಾರ್ಗದರ್ಶಕ ಬೇಕು. ಕೋಲ್ಕತ್ತದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಬಡವರ ಸೇವೆಯ ಆ ದೀರ್ಘ ವರ್ಷಗಳ ಬಹುಪಾಲು ಅವರು ದೇವರ ಸಾನ್ನಿಧ್ಯವೇ ಅನುಭವಕ್ಕೆ ಬಾರದ ಕತ್ತಲೆಯಲ್ಲಿ ನಡೆದಿದ್ದರೆಂದು ಲೋಕಕ್ಕೆ ತಿಳಿಯಿತು. 1960ರ ದಶಕದ ಆರಂಭದಲ್ಲಿ ಯೇಸುಸಭೆಯ ಪಾದ್ರಿ ಜೋಸೆಫ್ ನ್ಯೂನರ್ ಅವರ ಸಲಹೆಯಿಂದ ಆ ಕತ್ತಲೆಯನ್ನು ತಮ್ಮ ಕೆಲಸದ ಭಾಗವೆಂದೇ ಸ್ವೀಕರಿಸಲು ಅವರಿಗೆ ಸಾಧ್ಯವಾಯಿತು. ಅನುಭವ ಬತ್ತಿದಮೇಲೂ ಸೇವೆ ನಿಲ್ಲಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಕಿರಿಯರು: ಸಾಕ್ಷಿ ದೊಡ್ಡದು, ಆದರೆ ಅದನ್ನು ಅಳತೆಗೋಲಾಗಿ ಬಳಸಬಾರದು. ಒಬ್ಬರು ತಾವಾಗಿ ಸ್ವೀಕರಿಸಿದ್ದನ್ನು ಎಲ್ಲರ ಮೇಲೆ ಹೇರಿದರೆ ಸಂತರ ಬದುಕು ಬಡ ಸೇವಕರಿಗೆ ಶಿಕ್ಷೆಯಾಗುತ್ತದೆ. ತಾವೇ ಹೇಳಿದಂತೆ ಮದರ್ ತೆರೇಸಾ ಅವರಿಗೆ ಮಾತು ಕೇಳುವ ಒಬ್ಬ ಮಾರ್ಗದರ್ಶಕರಿದ್ದರು. ಹಳ್ಳಿಯ ಸಭೆಯ ಸೇವಕನಿಗೆ ಅಂಥವರು ಯಾರಿದ್ದಾರೆ? ಅವನ ಮೇಲಧಿಕಾರಿಯೇ ಅವನ ವರ್ಗಾವಣೆಯನ್ನೂ ಸಂಬಳವನ್ನೂ ನಿರ್ಧರಿಸುವವನಾದರೆ ಅವನ ಮುಂದೆ ಎದೆ ಬಿಚ್ಚುವುದು ಹೇಗೆ?

ಈ ಪ್ರಶ್ನೆಗೆ ಹಿರಿಯರು ನೇರವಾದ ಉತ್ತರವನ್ನು ಕೊಡುವುದಿಲ್ಲ. ಆಡಳಿತ ನಡೆಸುವವರೂ ಆತ್ಮಿಕ ಮಾರ್ಗದರ್ಶನ ಮಾಡುವವರೂ ಬೇರೆ ಬೇರೆಯಾಗಿರಬೇಕು ಎಂಬುದನ್ನು ಒಪ್ಪಿಕೊಂಡು, ಮಾತನ್ನು ಫಲದ ಕಡೆಗೆ ತಿರುಗಿಸುತ್ತಾರೆ.

ಹಿರಿಯರು: ಎದೆಗುಂದುವಿಕೆಯ ಬೇರು ಬಹಳ ಸಲ ಲೆಕ್ಕದಲ್ಲಿರುತ್ತದೆ. ಎಷ್ಟು ಜನ ಬಂದರು, ಎಷ್ಟು ಜನ ಉಳಿದರು ಎಂದು ಎಣಿಸುವವನು ಬೇಗ ಸೋಲುತ್ತಾನೆ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಅವರ ಕೆಲಸದಿಂದ ಮೊದಲ ಬಂಗಾಳಿ ವಿಶ್ವಾಸಿಯಾಗಿ ಕೃಷ್ಣಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ. 1812ರ ಮಾರ್ಚಿನಲ್ಲಿ ಶ್ರೀರಾಮಪುರದ ಮುದ್ರಣಾಲಯ ಬೆಂಕಿಗೆ ತುತ್ತಾದಾಗ ವರ್ಷಗಳ ದುಡಿಮೆಯಾಗಿದ್ದ ಹಸ್ತಪ್ರತಿಗಳು ಬೂದಿಯಾದವು, ಕನ್ನಡದ ಹೊಸ ಒಡಂಬಡಿಕೆಯ ಅನುವಾದವೂ ಅವುಗಳಲ್ಲಿತ್ತು. ಅವರು ಮತ್ತೆ ಮೊದಲಿನಿಂದ ಕುಳಿತರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಅದೇ ಶ್ರೀರಾಮಪುರದಲ್ಲಿ ಅಚ್ಚಾಯಿತು. ಫಲ ಕಾಣದ ಏಳು ವರ್ಷಗಳಿಗೂ ಸುಟ್ಟುಹೋದ ಹಾಳೆಗಳಿಗೂ ಬಗ್ಗದೆ ನಿಲ್ಲುವುದನ್ನೇ ನಂಬಿಗಸ್ತಿಕೆ ಎನ್ನುವುದು.

ಕಿರಿಯರು: ಆ ಏಳು ವರ್ಷಗಳ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಅವರ ಹೆಂಡತಿ ಡೊರೊಥಿ ಭಾರತಕ್ಕೆ ಬರಲು ಮೊದಲು ಒಪ್ಪಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಒಪ್ಪಿ ಎಳೆಗೂಸನ್ನು ಎತ್ತಿಕೊಂಡು ಹಡಗು ಹತ್ತಿದರು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ ಮೇಲೆ ಅವರು ಮಾನಸಿಕ ಸ್ಥಿಮಿತ ಕಳೆದುಕೊಂಡರು, 1807ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆ ನರಳುತ್ತಿರುವಾಗ ಕೇರಿ ಅವರು ಅನುವಾದ ಮುಂದುವರಿಸಿದರೆಂಬುದನ್ನು ಛಲದ ನಿದರ್ಶನವಾಗಿ ಹೇಳುವವರಿದ್ದಾರೆ. ಆಕೆಯ ಕಡೆಯಿಂದ ಆ ಕಥೆಯನ್ನು ಹೇಳಿದರೆ ಅದೇ ಪಾಠ ಉಳಿಯುತ್ತದೆಯೇ? ಸೇವಕನು ಎದೆಗುಂದದೆ ನಿಂತದ್ದಕ್ಕಾಗಿ ಅವನ ಹೆಂಡತಿ ಮಕ್ಕಳು ಎದೆಗುಂದಬೇಕಾದರೆ ಆ ಗೆಲುವು ಅಪೂರ್ಣ.

ಹಿರಿಯರು: ಆ ಗಾಯವನ್ನು ಮರೆಮಾಚುವ ಹಕ್ಕು ಯಾರಿಗೂ ಇಲ್ಲ. ಆದರೂ ಕೆಲಸ ನಿಲ್ಲದೆ ಹೋದದ್ದರಿಂದ ಮುಂದಿನವರಿಗೆ ನೆಲ ಸಿಕ್ಕಿತು ಎಂಬುದೂ ಉಳಿಯುತ್ತದೆ. ಈ ನಾಡಿನದೇ ನಿದರ್ಶನ ಬೇಕಾದರೆ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರನ್ನು ನೆನೆಯಬೇಕು. 1836ರಲ್ಲಿ ಬಂದು, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದು, ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದು, ಕೊಡಗಿನಲ್ಲಿ ಜೀತದ ಸ್ಥಿತಿಯಲ್ಲಿದ್ದ ದಲಿತರ ನಡುವೆ ಆನಂದಪುರವೆಂಬ ನೆಲೆಯನ್ನು ಕಟ್ಟಿ, ಹೆಂಡತಿಯ ಅನಾರೋಗ್ಯದಿಂದಾಗಿ 1860ರಲ್ಲಿ ಜರ್ಮನಿಗೆ ಮರಳಿದರು. ಯಾವ ಉದ್ದೇಶದಿಂದ ಬಂದರೋ ಅದರ ಅಳತೆಯಲ್ಲಿ ಅವರ ಕೊಯ್ಲು ಸಣ್ಣದು. ಅವರು ಬಿತ್ತಿದ್ದನ್ನು ಇಂದು ಇಡೀ ಕನ್ನಡ ನಾಡು ಉಣ್ಣುತ್ತಿದೆ. ಅದೇ ಮಿಷನ್ನಿನಿಂದ 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಅವರ ಕನ್ನಡ ನಿಘಂಟು, ಸುಮಾರು 70,000 ಪದಗಳ ಆ ಮಹಾಗ್ರಂಥ, ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಫಲ ಎಲ್ಲಿ ಬರುತ್ತದೆಂದು ದುಡಿಯುವವನಿಗೆ ಮೊದಲೇ ತಿಳಿಯುವುದಿಲ್ಲ.

ಕಿರಿಯರು: ಮೋಗ್ಲಿಂಗ್ ಹೆಂಡತಿಯ ಆರೋಗ್ಯಕ್ಕಾಗಿ ಹಿಂದಿರುಗಿದರು ಎಂಬ ಮಾತನ್ನು ತಾವು ಹಾದುಹೋಗುತ್ತ ಹೇಳಿದಿರಿ, ಅವರ ನಂಬಿಗಸ್ತಿಕೆಯ ಪಟ್ಟಿಯಲ್ಲಿ ಅದಕ್ಕೂ ಒಂದು ಸ್ಥಾನ ಸಿಗಬೇಕು. ಇನ್ನು ಫಲದ ವಿಚಾರ. ಇವೆಲ್ಲ ನೂರೈವತ್ತು ವರ್ಷಗಳ ಮೇಲೆ ನಿಂತು ಹೇಳುವ ಸಮಾಧಾನ, ಹೆಸರು ಉಳಿದವರ ಬಗ್ಗೆ ಮಾತ್ರ ಹೇಳಬಹುದಾದ ಸಮಾಧಾನ. ಆ ಮಿಷನರಿಗಳ ಜೊತೆಗೇ ಹಳ್ಳಿಹಳ್ಳಿ ತಿರುಗಿದ ಉಪದೇಶಿಗಳಿದ್ದರು, ಅಂದರೆ ದೀಕ್ಷೆ ಪಡೆಯದೆಯೇ ಬೋಧನೆಯ ಹೊಣೆ ಹೊತ್ತ ಸ್ಥಳೀಯ ಸೇವಕರು. ಮನೆಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಓದು ಕಲಿಸಿ ವೇದವಚನ ಹೇಳಿದ ಬೈಬಲ್ ಸ್ತ್ರೀಯರಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ಮೇಲೆ ಬಾಸೆಲ್ ಮಿಷನ್ನಿನ ಜರ್ಮನ್ ಸೇವಕರನ್ನು ಬಂಧನದಲ್ಲಿಟ್ಟು ದೇಶದಿಂದ ಹೊರಗೆ ಕಳುಹಿಸಿದಾಗ ಸಭೆಗಳ ಭಾರ ಬಿದ್ದದ್ದು ಈ ಜನರ ಹೆಗಲ ಮೇಲೆ. ಇವರಲ್ಲಿ ಹೆಚ್ಚಿನವರ ಹೆಸರಿನಲ್ಲಿ ಪ್ರತಿಮೆಯಿಲ್ಲ, ಪುಸ್ತಕವಿಲ್ಲ. ಮುಂದೊಂದು ದಿನ ಫಲ ಕಾಣುತ್ತದೆ ಎಂಬ ಮಾತಿನಿಂದ ಇವರಿಗೆ ಏನು ಸಮಾಧಾನ?

ಹಿರಿಯರು: ಅದಕ್ಕೂ ಎಲೀಯನ ಕಥೆಯಲ್ಲೇ ಉತ್ತರವಿದೆ. ತಾನೊಬ್ಬನೇ ಉಳಿದಿದ್ದೇನೆ ಎಂಬುದು ಅವನ ದೂರು; ಬಾಳನಿಗೆ ಮೊಣಕಾಲೂರದ ಏಳು ಸಾವಿರ ಮಂದಿ ಉಳಿದಿರುವರೆಂಬುದು ದೇವರ ಮಾತು. ಅವರಲ್ಲಿ ಒಬ್ಬರ ಹೆಸರನ್ನೂ ಗ್ರಂಥ ಹೇಳುವುದಿಲ್ಲ, ಎಲೀಯನಿಗೂ ಅವರು ಕಂಡಿರಲಿಲ್ಲ. ದೇವರ ಲೆಕ್ಕದಲ್ಲಿ ಅವರಿದ್ದರು. ಹೆಸರಿಲ್ಲದವರಿಗೆ ಸಿಗುವ ಸಮಾಧಾನ ಇದು, ದೊಡ್ಡ ಹೆಸರಿನವರಿಗೆ ಸಿಗುವ ಎಚ್ಚರಿಕೆಯೂ ಇದೇ.

ಕಿರಿಯರು: ಆ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಗಾಳಿ, ಭೂಕಂಪ, ಬೆಂಕಿಗಳ ತರುವಾಯ ಮೆಲ್ಲನೆಯ ಸ್ವರ ಕೇಳಿಸುವ ಮೊದಲು ದೇವರು ಕೇಳಿದ ಪ್ರಶ್ನೆಗೆ ಎಲೀಯನು ಯಾವ ಉತ್ತರ ಕೊಟ್ಟನೋ, ಅದಾದಮೇಲೆ ಕೇಳಿದ ಅದೇ ಪ್ರಶ್ನೆಗೂ ಅಕ್ಷರ ತಪ್ಪದೆ ಅದೇ ಉತ್ತರ ಕೊಡುತ್ತಾನೆ. ದೇವದರ್ಶನವೂ ಅವನ ಬೇಸರವನ್ನು ಕರಗಿಸಲಿಲ್ಲ. ಆಮೇಲೆ ಅವನಿಗೆ ಮೂವರನ್ನು ಅಭಿಷೇಕಿಸುವ ಕೆಲಸ ಸಿಗುತ್ತದೆ, ಹಜಾಯೇಲ, ಯೇಹು, ಎಲೀಷ. ಅವನು ತಾನೇ ಹೋಗಿ ಕರೆದದ್ದು ಎಲೀಷನೊಬ್ಬನನ್ನು. ಉಳಿದ ಎರಡು ಕೆಲಸಗಳು ಅವನು ಹೋದಮೇಲೆ ಎಲೀಷನ ಕಾಲದಲ್ಲಿ ನಡೆದವು. ಎದೆಗುಂದಿದವನ ಕೈಗೆ ದೇವರು ಒಬ್ಬ ಜೊತೆಗಾರನನ್ನು ಕೊಟ್ಟನು, ಮುಗಿಯದ ಕೆಲಸವನ್ನು ಆ ಜೊತೆಗಾರನಿಗೆ ದಾಟಿಸಿದನು. ಎಲ್ಲವನ್ನೂ ತಾನೇ ಮುಗಿಸಬೇಕೆಂಬ ಹಟವನ್ನು ಬಿಡುವುದಕ್ಕೂ ವಿಶ್ವಾಸ ಬೇಕಾಗುತ್ತದೆ.

ಹಿರಿಯರು: ಇದು ಒಳ್ಳೆಯ ಓದು. ಪೌಲನ ಅನುಭವವೂ ಇದನ್ನೇ ಹೇಳುತ್ತದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲಲ್ಲೇ, ಆಸ್ಯಸೀಮೆಯಲ್ಲಿ ಬದುಕುವ ಆಸೆಯೇ ಹೋಗುವಷ್ಟು ಭಾರ ಬಿತ್ತೆಂದು ಅವನು ಮುಚ್ಚುಮರೆಯಿಲ್ಲದೆ ತಿಳಿಸುತ್ತಾನೆ. ಏಳನೆಯ ಅಧ್ಯಾಯದಲ್ಲಿ, ಕುಗ್ಗಿದವರನ್ನು ಸಂತೈಸುವ ದೇವರು ತೀತನ ಬರವಿನಿಂದ ತನ್ನನ್ನು ಸಂತೈಸಿದನೆಂದು ಬರೆಯುತ್ತಾನೆ. ದೇವರ ಸಾಂತ್ವನ ಒಬ್ಬ ಗೆಳೆಯನ ರೂಪದಲ್ಲಿ ನಡೆದುಬಂತು. ಆದ್ದರಿಂದ ಪ್ರಾರ್ಥನೆಯನ್ನೂ ಮನುಷ್ಯರ ಆಸರೆಯನ್ನೂ ಎದುರುಬದುರು ನಿಲ್ಲಿಸುವುದು ಸರಿಯಲ್ಲ. ಆದರೆ ಪ್ರಾರ್ಥನೆಯನ್ನು ಬಿಟ್ಟು ಆಸರೆಯೊಂದನ್ನೇ ಹಿಡಿದರೆ, ಆಸರೆ ತಪ್ಪಿದ ದಿನ ಏನು ಮಾಡುವುದು?

ಕಿರಿಯರು: ಪ್ರಾರ್ಥನೆಯನ್ನು ಬಿಡಬೇಕೆಂಬುದು ವಾದವಲ್ಲ, ಎಂಥ ಪ್ರಾರ್ಥನೆ ಎಂಬುದು ಪ್ರಶ್ನೆ. ಕೀರ್ತನೆಗಳ ಗ್ರಂಥದಲ್ಲಿ ಪ್ರಲಾಪದ ಕೀರ್ತನೆಗಳು, ದುಃಖವನ್ನು ದೇವರ ಮುಂದೆ ದೂರಾಗಿ ಇಡುವ ಹಾಡುಗಳು, ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯ ಕೀರ್ತನೆಯಾದರೋ ತಿರುಗುವುದಿಲ್ಲ, ಅದು ಕತ್ತಲಲ್ಲೇ ಮುಗಿಯುತ್ತದೆ. ಯೆರೆಮೀಯನು ತಾನು ಹುಟ್ಟಿದ ದಿನವನ್ನೇ ಶಪಿಸಿದ ಮಾತೂ ಪವಿತ್ರಗ್ರಂಥದಲ್ಲೇ ಉಳಿದಿದೆ. ಇವನ್ನು ಗ್ರಂಥದಲ್ಲಿ ಉಳಿಸಿಕೊಂಡ ವಿಶ್ವಾಸಿಗಳ ಸಮುದಾಯ ದೂರುವುದನ್ನೂ ಪ್ರಾರ್ಥನೆಯೆಂದೇ ಒಪ್ಪಿತ್ತು. ಇಂದಿನ ಸಭೆಗಳಲ್ಲಿ ಸಾಕ್ಷಿ ಹೇಳುವವರು ಗೆದ್ದ ಮೇಲಷ್ಟೇ ಎದ್ದು ನಿಲ್ಲುತ್ತಾರೆ; ಇನ್ನೂ ಗೆಲ್ಲದವರಿಗೆ ಆರಾಧನೆಯಲ್ಲಿ ಮಾತಿಲ್ಲ.

ಹಿರಿಯರು: ಅವರಿಗೂ ಮಾತು ಸಿಗಬೇಕು. ಆದರೆ ಪ್ರಲಾಪ ಮಾಡಿದ ಯೆರೆಮೀಯನು ಪ್ರವಾದನೆಯನ್ನು ಬಿಡಲಿಲ್ಲ. ಬಿಡಬೇಕೆಂದಾಗ ಆ ಮಾತು ಎಲುಬುಗಳಲ್ಲಿ ಉರಿಯುವ ಬೆಂಕಿಯಾಯಿತೆಂದು ಅವನೇ ಹೇಳುತ್ತಾನೆ. ಇಷ್ಟು ಹೊತ್ತಿನ ಮಾತಿನಲ್ಲಿ ಬಿಟ್ಟುಹೋಗುವುದರ ಪರವಾಗಿ ಹೆಚ್ಚು ಒತ್ತು ಬಿದ್ದಿದೆ ಎನಿಸುತ್ತದೆ, ಅಮ್ಮಾ. ಹೋಗುವ ದಾರಿ ಸುಲಭವಾದರೆ, ಬಡ ಸಭೆಗಳಲ್ಲಿ ಯಾರು ಉಳಿಯುತ್ತಾರೆ? ಸೇವಕರು ಬಂದುಹೋಗುವುದನ್ನು ನೋಡಿ ನೋಡಿ ಎದೆಗುಂದಿದ ಹಳ್ಳಿಯ ವಿಶ್ವಾಸಿಗಳ ದುಃಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ?

ಈ ಮಾತಿಗೆ ಕಿರಿಯರು ಕೂಡಲೇ ಎದುರಾಡುವುದಿಲ್ಲ, ಏಕೆಂದರೆ ಅದರಲ್ಲಿ ಅವರಿಗೂ ಗೊತ್ತಿರುವ ಸತ್ಯವಿದೆ. ಸೇವಕನ ಎದೆಗುಂದುವಿಕೆಯ ಕುರಿತ ಚರ್ಚೆಯಲ್ಲಿ ಸೇವೆ ಪಡೆಯುವವರ ಎದೆಗುಂದುವಿಕೆ ಮರೆಯಾಗುವುದು ಸುಲಭ. ಆದರೂ ಅವರು ಅಪೊಸ್ತಲರ ಕೃತ್ಯಗಳ ಗ್ರಂಥದಿಂದ ಕೊನೆಯ ನಿದರ್ಶನವೊಂದನ್ನು ಮುಂದಿಡುತ್ತಾರೆ.

ಕಿರಿಯರು: ಬೇಡವೆನ್ನಲಾಗದು, ಅಯ್ಯನವರೇ. ಆದರೂ ಮಾರ್ಕನೆನಿಸಿಕೊಂಡ ಯೋಹಾನನ ವಿಚಾರವೊಂದು ಉಳಿದಿದೆ. ಮೊದಲ ಸುವಾರ್ತಾ ಪ್ರಯಾಣದಲ್ಲಿ ಪೌಲ ಬಾರ್ನಬರ ಜೊತೆ ಹೊರಟವನು ಪೆರ್ಗದಿಂದ ಯೆರೂಸಲೇಮಿಗೆ ಹಿಂದಿರುಗಿಬಿಟ್ಟನು. ಕಾರಣವನ್ನು ಗ್ರಂಥ ಹೇಳುವುದಿಲ್ಲ. ಎರಡನೆಯ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗಬೇಕೆಂದು ಬಾರ್ನಬನೂ, ನಡುವೆ ಬಿಟ್ಟುಹೋದವನು ಬೇಡವೆಂದು ಪೌಲನೂ ಹಟ ಹಿಡಿದು, ತೀಕ್ಷ್ಣವಾದ ವಾಗ್ವಾದವಾಗಿ ಇಬ್ಬರೂ ಬೇರೆಯಾದರು. ಬಾರ್ನಬನು ಮಾರ್ಕನೊಡನೆ ಸೈಪ್ರಸ್ಸಿಗೂ ಪೌಲನು ಸೀಲನೊಡನೆ ಸಿರಿಯ, ಕಿಲಿಕ್ಯ ಸೀಮೆಗಳಿಗೂ ಹೋದರು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಅದೇ ಪೌಲನು ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎಂಬ ಅರ್ಥದಲ್ಲಿ ಬರೆಯುತ್ತಾನೆ. ಸುವಾರ್ತೆಗಳಲ್ಲೊಂದು ಸಂಪ್ರದಾಯದಲ್ಲಿ ಅವನ ಹೆಸರನ್ನೇ ಹೊತ್ತಿದೆ. ಬಿಟ್ಟುಹೋದವನನ್ನು ಬಾರ್ನಬನೂ ಕೈಬಿಟ್ಟಿದ್ದರೆ ಏನಾಗುತ್ತಿತ್ತು?

ಹಿರಿಯರು: ಅಲ್ಲಿ ಪೌಲನ ಮಾತಿಗೂ ಆಧಾರವಿತ್ತು. ಕಲ್ಲೇಟು, ಸೆರೆ, ಛಡಿಯೇಟುಗಳು ಕಾದಿದ್ದ ದಾರಿಯದು. ಜೊತೆಗಾರ ನಡುವೆ ಬಿಟ್ಟುಹೋದರೆ ಉಳಿದವರ ಜೀವಕ್ಕೇ ಅಪಾಯ. ಮಾರ್ಕನು ಮುಂದೆ ಗಟ್ಟಿಯಾದದ್ದರಲ್ಲಿ ಬಾರ್ನಬನ ಕನಿಕರಕ್ಕೆ ಪಾಲಿದ್ದಂತೆ ಪೌಲನ ನಿಷ್ಠುರತೆಗೂ ಪಾಲಿದ್ದಿರಬಹುದು. ಯಾರು ಸರಿಯೆಂದು, ಆ ಗ್ರಂಥವನ್ನೂ ಬರೆದ ಲೂಕನು ತೀರ್ಪು ಬರೆಯಲಿಲ್ಲ. ಉಳಿಯುವುದೇ ಕ್ರಮ, ಹೋಗುವುದು ಅಪವಾದ; ಹೋಗಬೇಕಾದವನು ಸಹವಿಶ್ವಾಸಿಗಳ ಜೊತೆ ಪರೀಕ್ಷಿಸಿಕೊಂಡು ಹೋಗಲಿ ಎಂಬ ನಿಲುವನ್ನು ಬಿಡುವುದು ಕಷ್ಟ.

ಕಿರಿಯರು: ಹಾಗಾದರೆ ಆ ಪರೀಕ್ಷೆ ನಡೆಸುವ ಸಭೆ ಮೊದಲು ತನ್ನನ್ನು ಪರೀಕ್ಷಿಸಿಕೊಳ್ಳಲಿ: ಅವನಿಗೆ ವಾರದಲ್ಲಿ ಒಂದು ದಿನ ಬಿಡುವು ಕೊಟ್ಟಿತ್ತೇ, ಹೊರೆ ಹೊರಲು ಜೊತೆಗಾರರನ್ನು ಕೊಟ್ಟಿತ್ತೇ, ಅಧಿಕಾರವಿಲ್ಲದ ಒಬ್ಬ ಕೇಳುಗನನ್ನು ಕೊಟ್ಟಿತ್ತೇ, ಕಾಯಿಲೆಯಾದಾಗ ವೈದ್ಯರ ಬಳಿ ಕರೆದೊಯ್ದಿತ್ತೇ, ಅವನ ಮನೆಯವರನ್ನು ಕೇಳಿತ್ತೇ? ಇಷ್ಟಕ್ಕೆ ಹೌದೆನ್ನಲಾಗದ ಸಭೆಗೆ ಉಳಿಯೆಂದು ಹೇಳುವ ಅಧಿಕಾರವಿಲ್ಲ.

ಹಿರಿಯರು: ಈ ಪ್ರಶ್ನೆಗಳನ್ನು ಸಭಾಹಿರಿಯರ ಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ಓದಬೇಕು ಎಂಬಲ್ಲಿಗೆ ಒಪ್ಪಿಗೆಯಿದೆ. ಎಲ್ಲಕ್ಕೂ ಹೌದೆಂದ ಮೇಲೂ ಎದೆ ತುಂಬದ ಸೇವಕನಿಗೆ ಉಳಿಯೆನ್ನಬೇಕೋ ಹೋಗೆನ್ನಬೇಕೋ ಎಂಬಲ್ಲಿ ದಾರಿಗಳು ಬೇರೆಯಾಗುತ್ತವೆ. ಅಲ್ಲಿ ಈ ಮುದುಕನು ಉಳಿಯೆಂದೇ ಹೇಳುತ್ತಾನೆ, ಜೊತೆಗೆ ತಾನೂ ಹೋಗಿ ಕುಳಿತುಕೊಳ್ಳುತ್ತಾನೆ.

ಕಿರಿಯರು: ಜೊತೆಗೆ ಕುಳಿತುಕೊಳ್ಳುವವರು ಉಳಿಯೆಂದು ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ, ಅಯ್ಯನವರೇ. ಆದರೂ ಅವನು ಹೊರಟೇಬಿಟ್ಟರೆ, ಅವನ ಹೆಸರನ್ನು ಸಭೆಯ ಪ್ರಾರ್ಥನೆಯಿಂದ ತೆಗೆಯದಿರಲಿ.